ಮಾದರಿ ರೈಲ್ವೆಗೆ ಪಾಸು ಮಾಡುವುದು, ವಿನಿಮಯ ಮಾಡಿಕೊಳ್ಳುವುದು ಹೇಗೆ?

ಪ್ರಶ್ನೆ: ನನ್ನ ಎಚ್‌ಒ ಅಳತೆಯ (ನಿಜ ರೈಲಿನ 87ರಲ್ಲಿ ಒಂದು ಪಾಲಿನ) ಮಾದರಿ ರೈಲ್ವೆ ಓಡುವ ಹಂತಕ್ಕೆ ಬಂದಿದೆ. 1920ರ ದಶಕದ ಅಮೆರಿಕದ ಒಂದು ಸಣ್ಣ ಸ್ವತಂತ್ರ ಮಾರ್ಗ ಎಂದು ಅದನ್ನು ಕಲ್ಪಿಸಿಕೊಂಡಿದ್ದೇನೆ. ಈಚೆಗೆ ಇನ್ನೊಬ್ಬ ಹವ್ಯಾಸಿ ತಮ್ಮ ಮಾದರಿ ರೈಲ್ವೆಯ ಪಾಸನ್ನು (ಉಚಿತ ಪ್ರಯಾಣದ ಪಾಸಿನಂತೆ ಮಾಡಿದ ಸ್ಮರಣಿಕೆಯ ಕಾರ್ಡು) ಅಂಚೆಯಲ್ಲಿ ಕಳಿಸಿ, ನನ್ನದೊಂದನ್ನು ಕೇಳಿದ್ದಾರೆ. ಮನೆಯ ಪ್ರಿಂಟರಿನಲ್ಲಿ ಒಳ್ಳೆಯ ಪಾಸು ಮಾಡಲು ಆಗುತ್ತದೆಯೇ? ಅಳತೆ, ಕಾಗದ, ಒಕ್ಕಣೆ ಹೇಗಿರಬೇಕು? ಕಳಿಸುವಾಗ ಪಾಲಿಸಬೇಕಾದ ರೂಢಿಗಳೇನು?

ಉತ್ತರ: ಆಗುತ್ತದೆ. ಆದರೆ ಪ್ರಿಂಟರಿನ ಯೋಚನೆ ಆಮೇಲೆ, ಮೊದಲು ಒಕ್ಕಣೆ. ಹೊಸಬರ ಪಾಸುಗಳು ಸಾಮಾನ್ಯವಾಗಿ ಸೋಲುವುದು ಅಚ್ಚಿನಲ್ಲಲ್ಲ. ರೈಲ್ವೆಯ ಹೆಸರು, ಒಂದು ಎಂಜಿನ್ನಿನ ಚಿತ್ರ, ಕೆಳಗೆ ಮಾಲೀಕರ ಫೋನ್ ನಂಬರು, ಇಷ್ಟೇ ಇದ್ದರೆ ಅದು ವಿಸಿಟಿಂಗ್ ಕಾರ್ಡು. ಪಾಸು ಒಂದು ದಾಖಲೆ: ಯಾರಿಗೆ ಕೊಟ್ಟದ್ದು, ಯಾವ ಕಾರಣಕ್ಕೆ, ಎಲ್ಲಿಂದ ಎಲ್ಲಿಗೆ, ಎಂದಿನವರೆಗೆ, ಯಾರ ಸಹಿಯಿಂದ. ಈ ಪ್ರಶ್ನೆಗಳಿಗೆ ಕಾರ್ಡು ಉತ್ತರ ಕೊಟ್ಟರೆ ಸಾಧಾರಣ ಕಾಗದದ ಮೇಲೂ ಅದು ಪಾಸಿನಂತೆ ಕಾಣುತ್ತದೆ.

ನೀವು ಆರಿಸಿಕೊಂಡ ದೇಶ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. 19ನೇ ಶತಮಾನದಲ್ಲಿ ಅಮೆರಿಕದ ರೈಲ್ವೆಗಳು ಶಾಸಕರಿಗೆ, ಪತ್ರಿಕಾ ಸಂಪಾದಕರಿಗೆ, ದೊಡ್ಡ ಗಿರಾಕಿಗಳಿಗೆ ಧಾರಾಳವಾಗಿ ಉಚಿತ ಪಾಸು ಹಂಚುತ್ತಿದ್ದವು. ಒಂದು ರೈಲ್ವೆಯ ಅಧಿಕಾರಿಗಳು ಇನ್ನೊಂದರ ಅಧಿಕಾರಿಗಳೊಡನೆ ವಾರ್ಷಿಕ ಪಾಸುಗಳನ್ನು ಪರಸ್ಪರ ಕೊಟ್ಟುಕೊಳ್ಳುವುದೂ ಇತ್ತು. ನಮ್ಮ ಹವ್ಯಾಸದ ವಿನಿಮಯ ಅದರದೇ ಪ್ರತಿರೂಪ. ಸಣ್ಣ ಮಾರ್ಗದ ಅಧ್ಯಕ್ಷನೊಬ್ಬ ದೊಡ್ಡ ರೈಲ್ವೆಗೆ ಪಾಸು ಕೇಳಿ ಬರೆದು, ‘ನಮ್ಮ ಹಳಿ ನಿಮ್ಮಷ್ಟು ಉದ್ದವಿಲ್ಲದಿದ್ದರೂ ನಿಮ್ಮಷ್ಟೇ ಅಗಲ ಇದೆ’ ಎಂದನಂತೆ ಎನ್ನುವ ಮಾತು ಅಲ್ಲಿನ ರೈಲು ಮಂದಿಯ ಬಾಯಲ್ಲಿ ಇಂದಿಗೂ ಇದೆ. ಕೊಲರಾಡೋದ ಆಟೋ ಮಿಯರ್ಸ್ ತನ್ನ ಸಿಲ್ವರ್‌ಟನ್ ರೈಲ್‌ರೋಡಿಗೆ 1888ರಲ್ಲಿ ಜಿಂಕೆ ಚರ್ಮದ ಪಾಸು, ಆಮೇಲೆ ಬೆಳ್ಳಿಯ ಪಾಸು ಮಾಡಿಸಿದ. ಸಂಗ್ರಾಹಕರು ಇಂದಿಗೂ ಅವನ್ನು ಹುಡುಕುತ್ತಾರೆ. 1935ರಲ್ಲಿ ಅಮೆರಿಕದ ರಾಷ್ಟ್ರೀಯ ಮಾದರಿ ರೈಲ್ವೆ ಸಂಘ ಹುಟ್ಟಿತು. ಅದರ ಸದಸ್ಯರ ನಡುವೆಯೂ ಪಾಸು ವಿನಿಮಯ ಹಳೆಯ ರೂಢಿ.

ಈ ಇತಿಹಾಸ ನಿಮ್ಮ ಪಾಸಿನ ಒಂದು ಸಾಲನ್ನು ನೇರವಾಗಿ ನಿರ್ಧರಿಸುತ್ತದೆ. ಅದು ಕಾರಣದ ಸಾಲು. ಹಳೆಯ ಅಮೆರಿಕನ್ ಪಾಸುಗಳಲ್ಲಿ ಹೆಸರಿನ ಕೆಳಗೆ ‘ಅಕೌಂಟ್’ ಎಂದು ಅಚ್ಚಾಗಿ, ಮುಂದೆ ಖಾಲಿ ಗೆರೆ ಇರುತ್ತದೆ. ಈ ವ್ಯಕ್ತಿಗೆ ಪಾಸು ಯಾಕೆ ಎಂಬುದನ್ನು ಅಲ್ಲಿ ಬರೆಯುತ್ತಿದ್ದರು. ಅಂತರರಾಜ್ಯ ಮಾರ್ಗಗಳಲ್ಲಿ ಕಂಡವರಿಗೆಲ್ಲ ಪಾಸು ಕೊಡುವುದನ್ನು 1906ರ ಹೆಪ್‌ಬರ್ನ್ ಕಾಯ್ದೆ ನಿಲ್ಲಿಸಿತು. ನೌಕರರು, ಅವರ ಕುಟುಂಬದವರು, ಇನ್ನು ಕೆಲವು ನಿರ್ದಿಷ್ಟ ವರ್ಗಗಳಿಗೆ ಮಾತ್ರ ಅವಕಾಶ ಉಳಿಯಿತು. 1895ರ ಮಾದರಿ ರೈಲ್ವೆಯಾಗಿದ್ದರೆ ‘ಸ್ಥಳೀಯ ಪತ್ರಿಕೆಯ ಸಂಪಾದಕರು’ ಎಂದು ಬರೆಯಬಹುದಿತ್ತು. 1926ರ ಪಾಸಿನ ಮೇಲೆ ಹಾಗೆ ಬರೆದರೆ ವಿಷಯ ಬಲ್ಲವರಿಗೆ ತಕ್ಷಣ ಅಪಸ್ವರ ಕೇಳುತ್ತದೆ. ಕಾಯ್ದೆ ಬಿಟ್ಟುಕೊಟ್ಟ ಪಟ್ಟಿ ಮಾತ್ರ ಸೊಗಸಾಗಿದೆ: ಧರ್ಮಬೋಧಕರು, ಜಾನುವಾರುಗಳ ಜೊತೆ ಹೋಗುವ ಪಾಲಕರು, ರೈಲಿನಲ್ಲಿ ಪತ್ರಿಕೆ ಮಾರುವ ಹುಡುಗರು, ಅಪಘಾತದಲ್ಲಿ ಗಾಯಗೊಂಡವರು, ಅವರನ್ನು ನೋಡಿಕೊಳ್ಳುವ ವೈದ್ಯರು ಮತ್ತು ದಾದಿಯರು. ನಿಮ್ಮ ಲೇಔಟಿನಲ್ಲಿ (ಹಳಿ, ನಿಲ್ದಾಣಗಳನ್ನು ಜೋಡಿಸಿದ ಇಡೀ ಮಾದರಿಯಲ್ಲಿ) ದನದ ದೊಡ್ಡಿ ಇದ್ದರೆ, ಅಲ್ಲಿ ಕೆಲಸ ಮಾಡಿಸುವ ಗೆಳೆಯರಿಗೆ ‘ಜಾನುವಾರು ಪಾಲಕ’ ಎಂಬ ಕಾರಣಕ್ಕೆ ಪಾಸು ಕೊಡಬಹುದು.

ಕಾಲದ ಬಗ್ಗೆ ಇನ್ನೊಂದು ಎಚ್ಚರಿಕೆ. 1917ರ ಡಿಸೆಂಬರ್ ಕೊನೆಯಿಂದ 1920ರ ಮಾರ್ಚ್ 1ರವರೆಗೆ ಅಮೆರಿಕದ ರೈಲ್ವೆಗಳು ಸರ್ಕಾರದ ಹಿಡಿತದಲ್ಲಿದ್ದವು. ಆಗಿನ ಪಾಸುಗಳ ತಲೆಬರಹದಲ್ಲಿ ‘ಯುನೈಟೆಡ್ ಸ್ಟೇಟ್ಸ್ ರೈಲ್‌ರೋಡ್ ಅಡ್ಮಿನಿಸ್ಟ್ರೇಷನ್’ ಎಂದು ಕಾಣುತ್ತದೆ. ಆ ಗೋಜು ಬೇಡವೆಂದರೆ 1921ರ ನಂತರದ ಯಾವುದಾದರೂ ವರ್ಷ ಆರಿಸಿಕೊಳ್ಳಿ.

ಮುಂಭಾಗದ ಒಕ್ಕಣೆ ಸುಮಾರಾಗಿ ಹೀಗಿರಲಿ. ಮೇಲೆ ರೈಲ್ವೆಯ ಪೂರ್ತಿ ಹೆಸರು, ಎಡಗಡೆ ವರ್ಷ, ಬಲಗಡೆ ಕ್ರಮಸಂಖ್ಯೆ. ನಡುವೆ: ‘ಶ್ರೀ ಅಥವಾ ಶ್ರೀಮತಿ ______, ಕಾರಣ ______, ಇವರನ್ನು ಎಲ್ಲ ನಿಲ್ದಾಣಗಳ ನಡುವೆ ಪ್ರಯಾಣಿಸಲು ಬಿಡತಕ್ಕದ್ದು. ಬೇರೆ ಆದೇಶವಾಗದಿದ್ದಲ್ಲಿ 1926ರ ಡಿಸೆಂಬರ್ 31ರವರೆಗೆ ಊರ್ಜಿತ.’ ಕೆಳಗೆ ಬಲಕ್ಕೆ ಅಧ್ಯಕ್ಷರ ಸಹಿ, ಎಡಕ್ಕೆ ‘ಮೇಲುಸಹಿ ಇಲ್ಲದಿದ್ದರೆ ಸಿಂಧುವಲ್ಲ’ ಎಂದು ಬರೆದು ಇನ್ನೊಂದು ಗೆರೆ. ಈ ಎರಡನೇ ಸಹಿಯನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ದಾಖಲೆಯ ಗತ್ತು ಬರುವುದೇ ಅದರಿಂದ. ಅಧ್ಯಕ್ಷರ ಸಹಿಯನ್ನು ಅಚ್ಚಿನಲ್ಲೇ ಹಾಕಿ, ಮೇಲುಸಹಿಯನ್ನು ಪ್ರತಿ ಪಾಸಿಗೂ ಕೈಯಿಂದ ಮಾಡಿ.

ಬೆನ್ನಿಗೆ ಷರತ್ತುಗಳು. ನಿಜವಾದ ಪಾಸುಗಳಲ್ಲಿ ಇವು ಖಾಯಂ: ಪಾಸನ್ನು ಬೇರೆಯವರಿಗೆ ವರ್ಗಾಯಿಸುವಂತಿಲ್ಲ, ಬೇರೊಬ್ಬರು ತೋರಿಸಿದರೆ ಕಂಡಕ್ಟರು ಕಿತ್ತುಕೊಂಡು ಪೂರ್ತಿ ದರ ವಸೂಲು ಮಾಡುತ್ತಾರೆ, ಅಪಘಾತದ ಹೊಣೆಯೆಲ್ಲ ಪಾಸುದಾರರದೇ, ಪಾಸುದಾರರು ಶಾಯಿಯಲ್ಲಿ ಸಹಿ ಮಾಡಿರಬೇಕು. ಜೊತೆಗೆ ನಿಮ್ಮ ಲೇಔಟಿಗೇ ಸೇರಿದ ಒಂದು ಷರತ್ತು ಇರಲಿ: ಯಾವ ಕವಲಿನಲ್ಲಿ ಮಿಶ್ರ ರೈಲು (ಸರಕು, ಪ್ರಯಾಣಿಕರು ಎರಡೂ ಇರುವುದು) ಮಾತ್ರ ಓಡುತ್ತದೆ, ಯಾವ ಸೇತುವೆಯ ಮೇಲೆ ಪ್ರಯಾಣಿಕರ ಗಾಡಿ ಹೋಗುವುದಿಲ್ಲ, ಈ ಥರದ್ದು. ಬೆನ್ನಿನ ತಳದಲ್ಲಿ ಸಣ್ಣದಾಗಿ ‘ಮಾದರಿ ರೈಲ್ವೆಯ ಸ್ಮರಣಿಕೆ, ಯಾವುದೇ ನಿಜವಾದ ರೈಲಿನಲ್ಲಿ ಸಿಂಧುವಲ್ಲ’ ಎಂದು ಹಾಕಲೇಬೇಕು. ಇಂದು ಚಾಲ್ತಿಯಲ್ಲಿರುವ ಯಾವ ರೈಲ್ವೆಯ ಲಾಂಛನವನ್ನೂ, ಪಾಸಿನ ವಿನ್ಯಾಸವನ್ನೂ ನಕಲು ಮಾಡಬೇಡಿ. ಟ್ರೇಡ್‌ಮಾರ್ಕಿನ ತೊಡಕು ಒಂದು ಕಡೆಯಾದರೆ, ನಿಜವಾದ ಪ್ರಯಾಣದ ದಾಖಲೆಯನ್ನು ಹೋಲುವ ಕಾಗದ ತಯಾರಿಸುವುದು ಇನ್ನೂ ಗಂಭೀರವಾದ ವಿಷಯ. ಮನೆಯ ವಿಳಾಸವನ್ನು ಪಾಸಿನ ಮೇಲೆ ಅಚ್ಚು ಮಾಡಬೇಡಿ, ಕಾರ್ಡು ಎಷ್ಟೋ ಕೈ ಬದಲಾಯಿಸುತ್ತದೆ. ಇಮೇಲ್ ಮತ್ತು ಲೇಔಟಿನ ಅಳತೆ ಸಾಕು.

ಇನ್ನು ಗಾತ್ರ. 89 × 51 ಮಿ.ಮೀ. ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ. ಹಳೆಯ ಪಾಸುಗಳು ಇದಕ್ಕಿಂತ ತುಸು ದೊಡ್ಡವು ಇದ್ದದ್ದುಂಟು. ಆದರೆ ಈ ಗಾತ್ರದ್ದು ವಿಸಿಟಿಂಗ್ ಕಾರ್ಡಿನ ಆಲ್ಬಮ್ಮಿಗೂ ಕೂರುತ್ತದೆ, ಆಟಗಾರರ ಕಾರ್ಡುಗಳಿಗೆಂದು ಸಿಗುವ ಒಂಬತ್ತು ಜೇಬಿನ ಹಾಳೆಗೂ ಕೂರುತ್ತದೆ. ಆಲ್ಬಮ್ಮಿಗೆ ಹೊಂದದ ಪಾಸು ಪಡೆದವರ ಮನೆಯಲ್ಲಿ ಡ್ರಾಯರ್ ಸೇರುತ್ತದೆ, ಯಾರಿಗೂ ಕಾಣುವುದಿಲ್ಲ. ಎ4 ಹಾಳೆಯಲ್ಲಿ ಅಡ್ಡಕ್ಕೆ ಎರಡು, ಉದ್ದಕ್ಕೆ ಐದರಂತೆ ಹತ್ತು ಪಾಸು ಹಿಡಿಯುತ್ತವೆ: ಅಗಲ 178, ಎತ್ತರ 255 ಮಿ.ಮೀ. ಎಡಬಲದಲ್ಲಿ 16, ಮೇಲೆ ಕೆಳಗೆ 21 ಮಿ.ಮೀ. ಅಂಚು ಉಳಿಯುತ್ತದೆ. ಕತ್ತರಿಸಬೇಕಾದ ಜಾಗವನ್ನು ತೋರಿಸುವ ಸಣ್ಣ ಗೆರೆಗಳನ್ನು ಈ ಅಂಚಿನಲ್ಲೇ ಹಾಕಿ, ಪಾಸಿನ ಮೈಮೇಲಲ್ಲ.

ಮುಂಭಾಗದ ಚೌಕಟ್ಟು ಕತ್ತರಿಸುವ ಅಂಚಿನಿಂದ ಕನಿಷ್ಠ 4 ಮಿ.ಮೀ. ಒಳಗಿರಲಿ. ಕತ್ತರಿ ಅರ್ಧ ಮಿ.ಮೀ. ಆಚೀಚೆ ಆಗುವುದು ಸಹಜ. 1.5 ಮಿ.ಮೀ. ಅಂಚಿದ್ದರೆ ಒಂದು ಕಡೆ 1, ಇನ್ನೊಂದು ಕಡೆ 2 ಆಗಿ, ಒಂದು ಬದಿ ಇನ್ನೊಂದರ ಇಮ್ಮಡಿ ಕಾಣುತ್ತದೆ. 4 ಮಿ.ಮೀ. ಇದ್ದಲ್ಲಿ ಅಷ್ಟೇ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಬೆನ್ನಿಗೆ ಚೌಕಟ್ಟೇ ಬೇಡ. ಮನೆಯ ಪ್ರಿಂಟರಿನಲ್ಲಿ ಎರಡನೇ ಮಗ್ಗುಲು ಒಂದೆರಡು ಮಿ.ಮೀ. ಜಾರುತ್ತದೆ, ಚೌಕಟ್ಟಿದ್ದರೆ ಆ ಜಾರಿಕೆ ಎದ್ದು ಕಾಣುತ್ತದೆ.

ಅಕ್ಷರಶೈಲಿಯಲ್ಲಿ ಕಾಲಕ್ಕೆ ಸಲ್ಲದ್ದು ನುಸುಳುವುದು ಬಲು ಸುಲಭ. ಹೆಲ್ವೆಟಿಕಾ ಬಂದದ್ದು 1957ರಲ್ಲಿ. ಕಾಪರ್‌ಪ್ಲೇಟ್ ಗಾಥಿಕ್ ಅನ್ನು ಫ್ರೆಡ್ರಿಕ್ ಗೌಡಿ 1901ರಲ್ಲೇ ರೂಪಿಸಿದ್ದರಿಂದ 1920ರ ದಶಕದ ಕಚೇರಿ ಕಾಗದಕ್ಕೆ ಅದು ಸರಿಯಾಗಿ ಒಪ್ಪುತ್ತದೆ. ಬೆನ್ನಿನ ಷರತ್ತುಗಳನ್ನು 6 ಪಾಯಿಂಟಿಗಿಂತ ಕೆಳಗೆ ಇಳಿಸಬೇಡಿ, ಇಂಕ್‌ಜೆಟ್ಟಿನಲ್ಲಿ ಅಕ್ಷರದ ಹೊಟ್ಟೆಗಳು ತುಂಬಿಕೊಳ್ಳುತ್ತವೆ.

ಪಾಸಿನ ನಿಜವಾದ ಅಂದ ಇರುವುದು ಹಿನ್ನೆಲೆಯ ಬಲೆಯಲ್ಲಿ. ನೋಟು, ಷೇರುಪತ್ರಗಳ ಮೇಲೆ ಕಾಣುವ ಹೆಣಿಗೆಯಂಥ ಗೆರೆಗಳು ಅವು. ತಿದ್ದಿದರೆ ಗೊತ್ತಾಗಲಿ ಎಂಬುದು ಅವುಗಳ ಮೂಲ ಉದ್ದೇಶ. ಉಚಿತವಾಗಿ ಸಿಗುವ ಇಂಕ್‌ಸ್ಕೇಪ್ ತಂತ್ರಾಂಶದಲ್ಲಿ ಎಕ್ಸ್‌ಟೆನ್ಷನ್ಸ್, ರೆಂಡರ್, ಸ್ಪೈರೋಗ್ರಾಫ್ ಎಂಬ ಹಾದಿಯಲ್ಲಿ ಹೋದರೆ ಇದನ್ನು ಬರೆಯಬಹುದು. ಅಲ್ಲಿ ಕೇಳುವ ಮುಖ್ಯ ಸಂಖ್ಯೆಗಳು ಮೂರು: ಹೊರ ಉಂಗುರದ ತ್ರಿಜ್ಯ, ಒಳಗೆ ಉರುಳುವ ಚಕ್ರದ ತ್ರಿಜ್ಯ, ಚಕ್ರದ ನಡುವಿನಿಂದ ಪೆನ್ನಿಗಿರುವ ದೂರ. ಕುಣಿಕೆಗಳ ಸಂಖ್ಯೆಯನ್ನು ಮೊದಲೇ ಲೆಕ್ಕ ಹಾಕಬಹುದು. ಮೊದಲೆರಡು ಸಂಖ್ಯೆಗಳ ಮಹತ್ತಮ ಸಾಮಾನ್ಯ ಅಪವರ್ತನದಿಂದ ಹೊರ ತ್ರಿಜ್ಯವನ್ನು ಭಾಗಿಸಿದರೆ ಕುಣಿಕೆಗಳು, ಚಕ್ರದ ತ್ರಿಜ್ಯವನ್ನು ಭಾಗಿಸಿದರೆ ಸುತ್ತುಗಳು. 96 ಮತ್ತು 36 ಕೊಟ್ಟರೆ ಅಪವರ್ತನ 12. ಎಂಟು ಕುಣಿಕೆ, ಮೂರು ಸುತ್ತು, ಬೋಳು ಹೂವಿನಂಥ ಆಕಾರ. 36ರ ಬದಲು 35 ಕೊಡಿ: ಅಪವರ್ತನ 1, ಆದ್ದರಿಂದ 96 ಕುಣಿಕೆ, 35 ಸುತ್ತು, ದಟ್ಟವಾದ ಬಲೆ. ಒಂದೇ ಒಂದು ಅಂಕಿಯ ವ್ಯತ್ಯಾಸ!

ಪೆನ್ನಿನ ದೂರ 28 ಇಟ್ಟರೆ ಬಲೆ ನಡುವಿನಿಂದ 33ರಲ್ಲಿ ಶುರುವಾಗಿ 89ರಲ್ಲಿ ಮುಗಿಯುತ್ತದೆ. 96ರಿಂದ 35 ಕಳೆದರೆ 61, ಅದರಿಂದ 28 ಕಳೆದದ್ದು ಒಳ ಅಂಚು, ಕೂಡಿದ್ದು ಹೊರ ಅಂಚು. ನಡುವೆ ಉಳಿಯುವ ಖಾಲಿ ಜಾಗ ಪಾಸುದಾರರ ಹೆಸರಿಗೆ. ಇಡೀ ಆಕೃತಿಯನ್ನು 80 × 42 ಮಿ.ಮೀ.ಗೆ ಅದುಮಿದರೆ ಆ ಜಾಗ ಸುಮಾರು 30 × 15 ಮಿ.ಮೀ. ಆಗುತ್ತದೆ. ಉದ್ದದ ಹೆಸರುಗಳಿಗೆ ಇದು ಸಾಲದು ಅನ್ನಿಸಿದರೆ ಪೆನ್ನಿನ ದೂರವನ್ನು ಕಡಿಮೆ ಮಾಡಿ, ಬಲೆ ಕಿರಿದಾಗಿ ಜಾಗ ಹಿಗ್ಗುತ್ತದೆ. ಗೆರೆ ಮುರುಕು ಮುರುಕಾಗಿ ಕಂಡರೆ ಅದೇ ಕಿಟಕಿಯಲ್ಲಿರುವ ಕ್ವಾಲಿಟಿ ಸಂಖ್ಯೆಯನ್ನು ಏರಿಸಿ.

ಬಣ್ಣದ ವಿಷಯದಲ್ಲಿ ಬಹುತೇಕ ಎಲ್ಲರೂ ಒಂದೇ ಕಡೆ ಎಡವುತ್ತಾರೆ. ಬಲೆ ತಿಳಿಯಾಗಿರಲೆಂದು ತಿಳಿ ಹಸಿರನ್ನೋ ತಿಳಿ ಕಂದನ್ನೋ ಆರಿಸಿ 0.25 ಪಾಯಿಂಟಿನ ಗೆರೆ ಎಳೆಯುತ್ತಾರೆ. ಪ್ರಿಂಟರು ತಿಳಿ ಬಣ್ಣವನ್ನು ಬಿಡಿಬಿಡಿ ಚುಕ್ಕಿಗಳಿಂದ ತಯಾರಿಸುತ್ತದೆ. ಗೆರೆಯ ದಪ್ಪ 0.09 ಮಿ.ಮೀ. ಮಾತ್ರ. ಅಷ್ಟು ಸಣ್ಣ ಗೆರೆಯೊಳಗೆ ಚುಕ್ಕಿಗಳು ಸಾಲಾಗಿ ಕೂರಲು ಜಾಗವಿಲ್ಲದೆ ಬಲೆ ಹರಿದುಹೋದಂತೆ ಕಾಣುತ್ತದೆ. ಪ್ರಿಂಟರಿನಲ್ಲಿರುವ ಮೂಲ ಶಾಯಿಯನ್ನೇ, ಉದಾಹರಣೆಗೆ ಸಯಾನ್ ಅಥವಾ ಮಜೆಂಟಾ, ಶೇಕಡ 100ರಷ್ಟು ಬಳಸಿ. ಬಲೆ ಹಗುರವಾಗಬೇಕಾದರೆ ಕುಣಿಕೆ ಕಡಿಮೆ ಮಾಡಿ, ಬಣ್ಣ ತೆಳು ಮಾಡಬೇಡಿ. ಹಳೆಯ ಮುದ್ರಕರೂ ತಿಳಿ ಛಾಯೆ ತರುತ್ತಿದ್ದದ್ದು ಗೆರೆಯ ಅಂತರದಿಂದಲೇ.

ಕಾಗದಕ್ಕೆ 200ರಿಂದ 250 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ತೂಕದ, ಹೊಳಪಿಲ್ಲದ, ನಯವಾದ ಕಾರ್ಡ್ ಶೀಟ್ ತನ್ನಿ. ಫೋಟೋ ಕಾಗದ ಬೇಡ: ಸಹಿಯ ಶಾಯಿ ಅದರ ಮೇಲೆ ಒಣಗದೆ ಮೆತ್ತಿಕೊಳ್ಳುತ್ತದೆ, ಹೊಳಪು 1920ರ ದಶಕಕ್ಕೂ ಸಲ್ಲದು. ಗೀರುಗೀರಾದ ಅಲಂಕಾರಿಕ ಕಾಗದವೂ ಲೇಸರ್ ಪ್ರಿಂಟರಿಗೆ ಆಗದು, ತಗ್ಗುಗಳಲ್ಲಿ ಟೋನರ್ (ಅದರ ಪುಡಿ ಶಾಯಿ) ಕೂರುವುದಿಲ್ಲ. ಇಂಕ್‌ಜೆಟ್ಟಿನಲ್ಲಿ ಹಿಂಬದಿಯ ಟ್ರೇಯಿಂದಲೇ ಹಾಳೆ ಕೊಡಿ. ಕೆಳಗಿನ ಪೆಟ್ಟಿಗೆಯಿಂದ ಕೊಟ್ಟರೆ ದಪ್ಪ ಹಾಳೆ ಒಳಗೆ ತಿರುವು ತೆಗೆದುಕೊಳ್ಳುವಾಗ ಸಿಕ್ಕಿಬೀಳುತ್ತದೆ, ಇಲ್ಲವೇ ಬಾಗಿ ಬರುತ್ತದೆ. ಲೇಸರಿನಲ್ಲಿ ಕಾಗದದ ಬಗೆಯನ್ನು ‘ದಪ್ಪ’ ಎಂದು ಆರಿಸಿ. ಸಾದಾ ಕಾಗದದ ಸೆಟ್ಟಿಂಗಿನಲ್ಲಿ ಬಿಟ್ಟರೆ ದಪ್ಪ ಹಾಳೆಗೆ ಶಾಖ ಸಾಲದೆ ಟೋನರ್ ಉಗುರಿಗೆ ಕಿತ್ತುಬರುತ್ತದೆ. ಮೊದಲ ಹಾಳೆ ಬಂದ ಕೂಡಲೇ ಉಗುರಿನಿಂದ ಒಂದು ಮೂಲೆ ಗೀರಿ ನೋಡಿ, ಆಮೇಲೆ ಉಳಿದವನ್ನು ಹಾಕಿ.

ಅಚ್ಚಿಗೆ ಕೊಡುವಾಗ ‘ಪುಟಕ್ಕೆ ಹೊಂದಿಸು’ ಎಂಬುದನ್ನು ತೆಗೆದು ನಿಜ ಗಾತ್ರ, ಅಂದರೆ ಶೇಕಡ 100 ಆರಿಸಿ. ಇಲ್ಲದಿದ್ದರೆ ಪಾಸು ಹೇಳದೆ ಕೇಳದೆ ಮೂರು ನಾಲ್ಕು ಮಿ.ಮೀ. ಕುಗ್ಗುತ್ತದೆ. ಎರಡೂ ಮಗ್ಗುಲನ್ನು ಮೊದಲು ಸಾದಾ ಕಾಗದದಲ್ಲಿ ತೆಗೆದು, ಬೆಳಕಿಗೆ ಹಿಡಿದು, ಬೆನ್ನು ಎಷ್ಟು ಜಾರಿದೆ ಎಂದು ಅಳೆಯಿರಿ. ಬೆನ್ನಿನ ಫೈಲನ್ನು ಅಷ್ಟೇ ಎದುರು ದಿಕ್ಕಿಗೆ ಸರಿಸಿದರೆ ಆಯಿತು. ಮೊದಲ ವರ್ಷಕ್ಕೆ 50 ಪಾಸು ಧಾರಾಳ. ಐದು ಹಾಳೆಯ ಬದಲು ಆರು ಹಾಕಿ, ಒಂದು ಹಾಳೆ ಕತ್ತರಿಸುವಾಗ ಹಾಳಾಗುತ್ತದೆ ಎಂದೇ ಲೆಕ್ಕವಿರಲಿ.

ಕ್ರಮಸಂಖ್ಯೆ ಕೆಂಪು ಬಣ್ಣದಲ್ಲಿ, ಉಳಿದ ಅಚ್ಚಿಗಿಂತ ಬೇರೆಯಾಗಿ ಕಂಡರೆ ಸೊಗಸು. ತಾನೇ ಮುಂದಿನ ಅಂಕಿಗೆ ತಿರುಗುವ ಲೋಹದ ನಂಬರಿಂಗ್ ಮೆಷಿನ್ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ: ಅಂಕಿ ಕಾಗದದೊಳಗೆ ತುಸು ಇಳಿಯುತ್ತದೆ, ಬೆರಳಿಗೆ ತಾಗುತ್ತದೆ. ಅದಕ್ಕೆ ಎಣ್ಣೆ ಆಧಾರದ ಶಾಯಿಯೇ ಬೇಕು. ರಬ್ಬರ್ ಮೊಹರಿನ ನೀರಿನ ಶಾಯಿ ಹಾಕಿದರೆ ಚಕ್ರಗಳು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತವೆ. ಮೆಷಿನ್ ಇಲ್ಲದವರು ಮೇಲ್ ಮರ್ಜ್ (ಪಟ್ಟಿಯಿಂದ ಸಂಖ್ಯೆಗಳನ್ನು ತಾನೇ ತುಂಬುವ ತಂತ್ರಾಂಶದ ಸೌಲಭ್ಯ) ಬಳಸಬಹುದು. ಆಗ ಸಂಖ್ಯೆಗಳನ್ನು ಹಾಳೆಯ ಮೇಲೆ 1ರಿಂದ 10 ಎಂದು ಹರಡಬೇಡಿ. ಆರು ಹಾಳೆಗಳಿದ್ದರೆ ಮೊದಲ ಜಾಗದಲ್ಲಿ ಹಾಳೆಯಿಂದ ಹಾಳೆಗೆ 1ರಿಂದ 6, ಎರಡನೇ ಜಾಗದಲ್ಲಿ 7ರಿಂದ 12, ಹೀಗೆ ಜೋಡಿಸಿ. ಕತ್ತರಿಸಿದ ಮೇಲೆ ಕಟ್ಟುಗಳನ್ನು ಒಂದರ ಮೇಲೊಂದು ಇಟ್ಟರೆ ಸಾಕು, ಅನುಕ್ರಮ ತಾನಾಗಿ ಸರಿಯಾಗಿರುತ್ತದೆ.

ಕತ್ತರಿಸಲು ಉಕ್ಕಿನ ಪಟ್ಟಿ, ಹೊಸ ಬ್ಲೇಡು, ಕೆಳಗೆ ಕಟಿಂಗ್ ಮ್ಯಾಟ್. ಒಂದೇ ಏಟಿಗೆ ಒತ್ತಿ ಎಳೆದರೆ ಬ್ಲೇಡು ಓರೆಯಾಗುತ್ತದೆ, ಹಗುರವಾಗಿ ಮೂರು ಸಲ ಎಳೆಯಿರಿ. ಅಂಚಿನ ಗುರುತುಗಳು ಕೊನೆಯವರೆಗೂ ಬೇಕಾಗುವುದರಿಂದ ಒಳಗಿನ ಗೆರೆಗಳನ್ನು ಮೊದಲು, ಅಂಚು ಮುಟ್ಟದಂತೆ ಕತ್ತರಿಸಿ. ಹೊರ ಅಂಚು ಕಡೆಯಲ್ಲಿ. ಕೈಹಿಡಿಯ ಟ್ರಿಮ್ಮರ್ ಇದ್ದರೂ ಒಮ್ಮೆಗೆ ಮೂರು ಹಾಳೆಗಿಂತ ಹೆಚ್ಚು ಇಡಬೇಡಿ. ಬ್ಲೇಡಿನ ಒತ್ತಡಕ್ಕೆ ಕಟ್ಟು ಜಾರಿ, ಮೇಲಿನ ಹಾಳೆಗೂ ತಳದ ಹಾಳೆಗೂ ಅಳತೆ ಬೇರೆಯಾಗುತ್ತದೆ.

ಲ್ಯಾಮಿನೇಷನ್ ಬೇಡ ಎಂದು ಖಂಡಿತವಾಗಿ ಹೇಳುತ್ತೇನೆ. ಪ್ಲಾಸ್ಟಿಕ್ಕಿನೊಳಗೆ ಹೋದ ಪಾಸಿಗೆ ಆಮೇಲೆ ಹೆಸರು ಬರೆಯಲಾಗದು, ಪಡೆದವರು ಬೆನ್ನಿಗೆ ಸಹಿ ಮಾಡಲಾಗದು. ಹಿತ್ತಾಳೆ, ಚರ್ಮ, ತೆಳು ಮರದ ಪಾಸುಗಳನ್ನು ಮಾಡುವವರಿದ್ದಾರೆ. ನೋಡಲು ಚಂದ, ಆದರೆ ಅವನ್ನು ಸಾದಾ ಲಕೋಟೆಯಲ್ಲಿ ಹಾಕಬಾರದು: ಅಂಚೆಯ ವಿಂಗಡಣೆ ಯಂತ್ರದ ಉರುಳೆಗಳ ನಡುವೆ ಬಾಗದ ವಸ್ತು ಸಿಕ್ಕಿಕೊಂಡು ಲಕೋಟೆ ಹರಿಯುತ್ತದೆ.

ಈಗ ವಿನಿಮಯ. ನಿಮಗೆ ಬಂದಿರುವ ಪಾಸನ್ನು ಇನ್ನೊಮ್ಮೆ ಗಮನಿಸಿ: ಅದಕ್ಕೆ ಸಹಿ ಮಾಡಿದವರು ಯಾವ ಹುದ್ದೆಯಲ್ಲಿದ್ದಾರೆ? ಅಧ್ಯಕ್ಷರೋ, ಜನರಲ್ ಮ್ಯಾನೇಜರೋ, ಸೂಪರಿಂಟೆಂಡೆಂಟೋ. ನಿಮ್ಮ ಪಾಸಿನ ಕಾರಣದ ಸಾಲಿನಲ್ಲಿ ಅದೇ ಹುದ್ದೆಯನ್ನೂ ಅವರ ರೈಲ್ವೆಯ ಹೆಸರನ್ನೂ ಬರೆಯಿರಿ. 1906ರ ನಂತರವೂ ಒಂದು ರೈಲ್ವೆ ಇನ್ನೊಂದರ ಅಧಿಕಾರಿಗೆ ಪಾಸು ಕೊಡಬಹುದಿತ್ತು, ಹಾಗಾಗಿ ಕಾಯ್ದೆಗೂ ಹೊಂದುತ್ತದೆ. ಹೆಸರನ್ನು ಟೈಪ್‌ರೈಟರಿನಲ್ಲಿ ಅಥವಾ ಶಾಯಿ ಪೆನ್ನಿನಲ್ಲಿ ತುಂಬಿ. ಖಾಲಿ ಪಾಸು ಕಳಿಸುವುದು, ‘ನೀವೇ ತುಂಬಿಕೊಳ್ಳಿ’ ಎನ್ನುವುದು ಅಸಡ್ಡೆಯಾಗಿ ಕಾಣುತ್ತದೆ. ಪಿಡಿಎಫ್ ಕಳಿಸುವುದನ್ನು ನಾನು ವಿನಿಮಯ ಎಂದು ಪರಿಗಣಿಸುವುದಿಲ್ಲ. ಅದರಲ್ಲಿ ಸಂಖ್ಯೆಯೂ ಇಲ್ಲ, ಮೇಲುಸಹಿಯೂ ಇಲ್ಲ.

ಒಂದಕ್ಕೆ ಒಂದು ಎಂಬುದು ರೂಢಿ, ಹಣದ ಮಾತಿಲ್ಲ. ನೀವಾಗಿ ಕೇಳುವಾಗ ನಿಮ್ಮ ಪಾಸು, ಲೇಔಟಿನ ಬಗ್ಗೆ ನಾಲ್ಕು ಸಾಲು, ನಿಮ್ಮ ವಿಳಾಸ ಬರೆದು ಅಂಚೆಚೀಟಿ ಅಂಟಿಸಿದ ಲಕೋಟೆ, ಇಷ್ಟನ್ನು ಒಟ್ಟಿಗೆ ಕಳಿಸಿ. ಬೇರೆ ದೇಶಕ್ಕಾದರೆ ನಿಮ್ಮ ಅಂಚೆಚೀಟಿ ಅಲ್ಲಿ ನಡೆಯದು. ಅವರವರ ಅಂಚೆ ಖರ್ಚು ಅವರವರದು ಎಂದು ಮೊದಲೇ ಮಾತಾಡಿಕೊಳ್ಳಿ. 250 ಜಿಎಸ್‌ಎಂ ಪಾಸಿನ ತೂಕ 1 ಗ್ರಾಂಗೆ ತುಸು ಮೇಲೆ, 80 ಜಿಎಸ್‌ಎಂ ಎ4 ಪತ್ರ 5 ಗ್ರಾಂ. ಎರಡು ಸಣ್ಣ ಲಕೋಟೆ ಸೇರಿದರೂ 15 ಗ್ರಾಂ ಆಸುಪಾಸು. ಅನೇಕ ದೇಶಗಳ ಅಂಚೆದರದ ಮೊದಲ ಮೆಟ್ಟಿಲು 20 ಗ್ರಾಂ ಆದ್ದರಿಂದ ಅದರೊಳಗೇ ಮುಗಿಯುತ್ತದೆ. ಪಾಸನ್ನು ಸಡಿಲವಾಗಿ ಬಿಡದೆ, ಮಡಿಸಿದ ಪತ್ರದ ನಡುವೆ ಫೋಟೋ ಮೂಲೆಗಳಿಂದ ಕೂರಿಸಿ. ಪಿನ್ನು, ಕ್ಲಿಪ್ಪು, ಅಂಟುಟೇಪು ಯಾವುದೂ ಬೇಡ.

ಕೇಳಿದವರಿಗೆ ಎರಡು ಮೂರು ವಾರದೊಳಗೆ ಉತ್ತರ ಹೋಗಬೇಕು. ಪಾಸು ಮುಗಿದಿದ್ದರೆ ಮುಗಿದಿದೆ ಎಂದಾದರೂ ಬರೆಯಿರಿ, ಬಂದ ಪಾಸನ್ನು ಇಟ್ಟುಕೊಂಡು ಸುಮ್ಮನಾಗುವುದು ಈ ವಲಯದಲ್ಲಿ ಬಹಳ ದಿನ ನೆನಪಿರುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಸಂಖ್ಯೆ, ಹೆಸರು, ಅವರ ರೈಲ್ವೆ, ಕಳಿಸಿದ ದಿನ, ಬಂದ ಪಾಸಿನ ಸಂಖ್ಯೆ ಬರೆದಿಡಿ. ಒಬ್ಬರಿಗೇ ಎರಡು ಸಲ ಅದೇ ವರ್ಷದ ಪಾಸು ಹೋಗುವುದು ಇದರಿಂದ ತಪ್ಪುತ್ತದೆ.

ಬಂದವನ್ನು ಇಡಲು ಪಾಲಿಪ್ರೊಪಿಲೀನ್ ಜೇಬಿನ ಹಾಳೆಗಳನ್ನೇ ಕೊಳ್ಳಿ. ಅಗ್ಗದ ಪಿವಿಸಿ ಹಾಳೆಗಳಿಂದ ಅದನ್ನು ಮೆದುಗೊಳಿಸಲು ಸೇರಿಸಿದ ರಾಸಾಯನಿಕ ಕ್ರಮೇಣ ಹೊರಬಂದು ಟೋನರನ್ನು ಕರಗಿಸುತ್ತದೆ, ಪಾಸು ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಎಳೆದಾಗ ಅಕ್ಷರಗಳೇ ಕಿತ್ತುಬರುತ್ತವೆ.

ವರ್ಷ ಬದಲಾದಾಗ ವಿನ್ಯಾಸ ಬದಲಿಸಬೇಡಿ, ಬಲೆಯ ಬಣ್ಣ ಮತ್ತು ದಿನಾಂಕ ಬದಲಿಸಿ. ದೂರದಿಂದಲೇ ಕಂಡಕ್ಟರಿಗೆ ವರ್ಷ ಗೊತ್ತಾಗಲಿ ಎಂದು ನಿಜವಾದ ರೈಲ್ವೆಗಳೂ ಬಣ್ಣ ಬದಲಾಯಿಸುತ್ತಿದ್ದವು. ಮುಂದಿನ ವರ್ಷದ ಪಾಸುಗಳನ್ನು ನವೆಂಬರಿನಲ್ಲೇ ತಯಾರಿಸಿದರೆ ಜನವರಿಯ ಹೊತ್ತಿಗೆ ಹಳೆಯ ಗೆಳೆಯರ ಕೈಸೇರುತ್ತವೆ. ಪ್ರತಿ ವರ್ಷದ ಒಂದನೇ ಸಂಖ್ಯೆಯನ್ನು ಯಾರಿಗೂ ಕೊಡದೆ ಅಡ್ಡಲಾಗಿ ‘ಮಾದರಿ’ (ಅಂದರೆ ಸ್ಪೆಸಿಮೆನ್) ಎಂದು ಮೊಹರು ಹೊಡೆದು ಕಡತದಲ್ಲಿಡಿ. ಜೊತೆಗೊಂದು ಚೀಟಿಯಲ್ಲಿ ಬಳಸಿದ ಕಾಗದ, ಪ್ರಿಂಟರಿನ ಸೆಟ್ಟಿಂಗ್, ಬೆನ್ನಿನ ಫೈಲನ್ನು ಎಷ್ಟು ಮಿ.ಮೀ. ಸರಿಸಿದಿರಿ, ಬಲೆಯ ಮೂರು ಸಂಖ್ಯೆಗಳು ಯಾವುವು ಎಂದು ಬರೆದಿಡಿ.